ಐದನೇ ದಬ್ಬಣ

1 ಅಕ್ಟೋಬರ್ 2003, ಬುಧವಾರ

ದಬ್ಬಣ ಐದು. ಸರಿ ಅದಾವ.

ಇವತ್ತು ಪಣಜಿ ಬಾಜೂಕಿನ ಸಾಂತಾಕ್ರೂಝದಾಗ ಎರಡು ಗಾದಿ. ಹಳೇ ಹತ್ತಿ, ಗಂಟುಗಂಟು. ನಡುವ ಬಿಸ್ಕೀಟಿನ ಪುಡಿ, ಒಂದು ಬಟನ್. ಹಿಂಜಿ ಹಿಂಜಿ ಮೂಗು ಕಟ್ಟೇತಿ. ಮನಿಯಾಕಿ ಕೇಳಿದ್ಳು — ಅಂಗಡ್ಯಾಗ ಫೋಮಿನ ಗಾದಿ ಸಿಗ್ತಾವು, ನಿಮ್ಮ ಧಂಧೆ ಇನ್ನೆಷ್ಟು ದಿನ? ಅಂದೆ, ನೀವು ಹಳೇ ಗಾದಿ ಬಿಡೂತನಕ. ಮಾರಿ ಗಂಟು ಹಾಕಿದ್ಳು. ಹಾಕ್ಲಿ.

ಸಂಜಿಗೊಮ್ಮೆ ದಬ್ಬಣ ಎಣಿಸೂದು ಅಪ್ಪ ಹಚ್ಚಿದ ಚಾಳಿ. ಗಾದಿ ಹೊಲಿಯಾವ ದಬ್ಬಣ ಒಳಗ ಬಿಟ್ಟು ಬಂದ್ರ ಅವನು ಹತ್ತಿ ಹಿಂಜೂ ನದಾಫನ ಅಲ್ಲ ಅಂತಿದ್ದ. ಅವನು ಗ್ವಾಡಿಗೆ ಇದ್ದಲಿಲೆ ಗೀಟು ಎಳೀತಿದ್ದ. ನಾ ನಾಕನೇತ್ತೆ ಓದಿ ಬಿಟ್ಟಾವ, ಅದಕ್ಕ ವಹಿ. ದಬ್ಬಣ ಬರದ ಮ್ಯಾಲೆ ಹಾಳಿ ಉಳೀತೈತಿ, ಮತ್ತೊಂದೀಟು ಗೀಚ್ತೇನಿ. ಹೆಂಡ್ತಿ ಹಜರತಬಿಗೆ ಓದಾಕ ಬರಂಗಿಲ್ಲ. ಚಲೋ ಆಗೇತಿ. ಬಂದಿದ್ರ ದಿನಾ ಜಗಳ.

4 ಅಕ್ಟೋಬರ್, ಶನಿವಾರ

ಎಂಥಾ ಜಾಗ ನೋಡಿದೆ ಇವತ್ತು.

ಪಣಜಿ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ಕಿರಿಸ್ತಾನ ಮುದುಕಿ. ಕೈಯಾಗ ಛತ್ರಿ, ಬುಟ್ಟ್ಯಾಗ ಪಾವು. ಹತ್ತಿ ಹಿಂಜೂ ನನ್ನ ಕಮಾನು ನೋಡಿ "ಗಾದಿವಾಲಾ?" ಅಂದ್ಳು. ನಡೀ ಅಂದ್ಳು. ಅರ್ಧ ಕೊಂಕಣಿ ಅರ್ಧ ಹಿಂದಿ. ಜಿಟಿಜಿಟಿ ಮಳಿ. ತಂತಿ ತೊಯ್ದೀತು ಅಂತ ಕಮಾನಿಗೆ ಪ್ಲಾಸ್ಟಿಕ್ ಸುತ್ತಿ, ನನ್ನ ತಲಿ ಮಾರಿಗೆ ಅರಿಬಿ ಸುತ್ತಿ, ತಲಿ ಕೆಳಗ ಹಾಕಿ ಆಕಿ ಹಿಂದ ನಡದೆ. ಪಾಟೊ ಸೇತುವೆ ದಾಟಿದ್ವಿ. ಆಮ್ಯಾಲೆ ಎಡಕ್ಕ, ಬಲಕ್ಕ, ಮತ್ತ ಎಡಕ್ಕ. ಗಲ್ಲಿ ಅಂದ್ರ ಕಮಾನು ಅಡ್ಡ ಹಿಡದ್ರ ಹಾಯಂಗಿಲ್ಲ, ಅಷ್ಟು ಸಣ್ಣದು. ಹಿಂಬಾಗಿಲಿಂದ ಒಳಗ ಬಿಟ್ಟುಕೊಂಡ್ಳು. ನಮ್ಮಂಥಾವ್ರನ್ನ ಎಲ್ಲಾ ಕಡೆ ಹಿಂಬಾಗಿಲಿಂದನ. ನೀಲಿ ಮನಿ, ನೀಲಿ ಅಂದ್ರ ಗಾಂಧಿ ಟೊಪಗಿಗೆ ಹಾಕೂ ನೀಲಿ. ನಡುವ ಅಂಗಳ, ಬಾವಿ. ಮ್ಯಾಲಿನ ಖೋಲ್ಯಾಗ ಖಿಡಕಿಗೆ ಕಾಜಿಲ್ಲ, ಸಮುದ್ರದ ಚಿಪ್ಪು ಹಚ್ಯಾರ. ಬೆಳಕು ಹಾಲಿನಂಗ ಒಳಗ ಬರ್ತೈತಿ. ಮೂಗಿಗೆ ಅರಿಬಿ ಸುತ್ತಿಕೊಂಡು ಹಿಂಜಾಕ ಕುಂತ್ರ ಹತ್ತಿ ಆ ಬೆಳಕಿನ್ಯಾಗ ಹಾರ್ತಿತ್ತು. ಅರವತ್ತಮೂರು ವರ್ಷದಾಗ ನನ್ನ ಹತ್ತಿ ಅಷ್ಟು ಚಂದ ನಾನ ನೋಡಿರಲಿಲ್ಲ.

ಗಾದಿ ಆಕಿ ಅವ್ವನ ಕಾಲದ್ದು. ಮಗಳು ದುಬೈದಾಗ ಅದಾಳಂತ, ಹಡದು ಮೂರು ತಿಂಗಳು. ಡಿಸೆಂಬರ್ ಮೂರಕ್ಕ ಓಲ್ಡ್ ಗೋವಾ ಫೆಸ್ತಿಗೆ, ಅಂದ್ರ ಚರ್ಚಿನ ಜಾತ್ರಿಗೆ, ಕೂಸು ತಗೊಂಡು ಬರ್ತಾಳ. ಕೂಸು ಇದರ ಮ್ಯಾಲ ಮಲಗಬೇಕು, ಅದಕ್ಕ ಹೊಸದು ಮಾಡು ಅಂದ್ಳು. ಚಾ ಕೊಟ್ಳು, ಬಿಸಿ ಪಾವು ಕೊಟ್ಳು. ಹೆಸರು ಕೇಳಲಿಲ್ಲ. ಕೇಳಿ ಏನ್ಮಾಡೂದು.

ಮನಿಗೆ ಬರೂದ್ರಾಗ ಹಜರತಬಿ ಗಂಟು ಕಟ್ಟಿಕೊಂಡು ಕುಂತಾಳ. ನಾಳೆ ಐದಕ್ಕ ಬಸ್. ಇಳಕಲ್ಲಿಗೆ ಆಕಿ ತಮ್ಮನ ಮಗಳ ಮದುವಿ. ಇಷ್ಟೊತ್ತಿಗೆ ಬರೂದೇನ್ರಿ ಅಂತ ಚಾಲೂ. ದಬ್ಬಣ ಬಂದು ಎಣಿಸಿದ್ರಾತು. ದಬ್ಬಣದ ಅರಿಬಿ ಸುರುಳಿ ಸುತ್ತಿ ಮಾಡದಾಗ ಇಟ್ಟೆ.

2 ನವೆಂಬರ್, ಭಾನುವಾರ

ದಬ್ಬಣ ನಾಕು.

ಮೂರು ಸಲ ಎಣಿಸಿದೆ. ನಾಕ.

ಮದುವಿ ಮುಗಿಸಿ ಎಂಟು ದಿನಕ್ಕ ಬರಾವ, ಜ್ವರ ಹಿಡದು ಇಳಕಲ್ಲಿನಾಗ ಮಲಗಿದೆ. ನಿನ್ನೆ ಚಿಂಬೆಲಿನ ನಮ್ಮ ಮನಿಗೆ ಬಂದ್ವಿ. ಇವತ್ತು ಸುರುಳಿ ಬಿಚ್ಚಿದ್ರ ದೊಡ್ಡ ದಬ್ಬಣ ಇಲ್ಲ. ಅಪ್ಪನದು. ಒಂಬತ್ತು ಇಂಚು, ಕಣ್ಣಿಗೆ ಗುರುತಿನ ಕೆಂಪು ದಾರ.

ಎಲ್ಲಾ ನೆನಪಾತು. ಚಾ ಕುಡಿಯೂ ಮುಂದ ಗಾದಿಗೆ ಚುಚ್ಚಿ ಇಟ್ಟೆ. ಪಾವು ತಿಂದೆ. ಎದ್ದಾಂವ ಕೋಲು ತಗೊಂಡು ಗಾದಿ ಬಡದು ಸಮ ಮಾಡಿದೆ. ಒಳಗ ಹೋತು. ಉಳಿದ ಹೊಲಿಗಿ ಮತ್ತೊಂದು ದಬ್ಬಣದಾಗ ಹಾಕಿದೆ. ಮಂಗ್ಯಾನಂಥಾವ.

ಆ ಗಾದಿ ಮ್ಯಾಲ ಕೂಸು ಮಲಗೂದೈತಿ. ಮೂವತ್ತೊಂದು ದಿನ ಉಳದಾವ.

ಹಜರತಬಿ ಅಂದ್ಳು, "ನಾಳೆ ಹೋಗಿ ತಗೊಂಡು ಬರ್ರಿ, ಅಷ್ಟಕ್ಕ ಯಾಕ ಮಾರಿ ಹಂಗ?" ಹೌದು. ನೀಲಿ ಮನಿ. ಹತ್ತು ಮಿನಿಟಿನ ಕೆಲಸ.

3 ನವೆಂಬರ್, ಸೋಮವಾರ

ನೀಲಿ ಮನಿ ಇಲ್ಲ.

ಇಲ್ಲ ಅಂದ್ರ, ಊರ ಬ್ಯಾರೆ ಆಗೇತಿ. ಎಲ್ಲಾ ಕಡೆ ಬಿದಿರಿನ ಅಟ್ಟ ಕಟ್ಯಾರ, ಬಣ್ಣದ ಡಬ್ಬಿ ತೂಗು ಬಿಟ್ಟಾರ. ಮಳಿ ನಿಂತ ಮ್ಯಾಲೆ ಈ ಫೊಂಟೇನಾಸ ಓಣಿಯ ಮಂದಿ ಮನಿಗೆ ಬಣ್ಣ ಬಳಿಸ್ತಾರಂತ, ವರ್ಷಾ ವರ್ಷಾ. ಪೋರ್ತುಗೀಸರ ಕಾಲದಿಂದ. ನನಗೇನ್ ಗೊತ್ತು? ನಾ ಯಾವ ಊರಾಗೂ ಮನಿ ನೆನಪಿಡೂದು ಬಣ್ಣದಿಂದ. ಬೋರ್ಡು ಓದಾಕ ಬರಂಗಿಲ್ಲ, ಇಂಗ್ಲಿಷು ಅಲ್ಲ, ಮತ್ತೊಂದ್ಯಾವುದೋ.

ಅಟ್ಟದ ಮ್ಯಾಲಿನಾವ ಕನ್ನಡದಾಗ ಹಾಡಿಕೊಂತ ಬಳ್ಯಾಕತ್ತಿದ್ದ. ಕೂಗಿದೆ.

"ಏ ತಮ್ಮಾ, ಹೋದ ತಿಂಗಳು ಇಲ್ಲಿ ನೀಲಿ ಮನಿ ಇತ್ತಲ್ಲ, ಎಲ್ಲಿ ಹೋತು?"

"ಯಾವ ನೀಲೀರಿ ಅಜ್ಜಾ? ನಾ ಬಳದದ್ದು ಹನ್ನೊಂದು ಮನಿ. ನಾಕು ನೀಲಿ ಇದ್ದುವು, ಹಳದಿ ಕೆಂಪು ಆಗ್ಯಾವು. ಐದು ಹಳದಿ ಇದ್ದುವು, ನೀಲಿ ಆಗ್ಯಾವು. ನಿಮಗ ಮೊದಲಿನ ನೀಲಿ ಬೇಕೋ ಈಗಿನ ನೀಲಿ ಬೇಕೋ?"

"ನನಗ ಮನಿ ಬೇಕು."

"ಬಿಳಿ ಅಂತ ಇದ್ರ ಹೇಳ್ತಿದ್ದೆ. ಬಿಳಿ ಚರ್ಚಿಗಷ್ಟ ಬಳೀತಾರ."

ಹೆಸರು ಪಾಂಡಪ್ಪ, ಬಾದಾಮಿ ಕಡ್ಯಾವ, ಐವತ್ತರ ಮ್ಯಾಲಾಗೇತಿ ವಯಸ್ಸು. ನಗಾಕ ಬರ್ತೈತಿ, ಉಪಯೋಗಕ್ಕ ಬರಂಗಿಲ್ಲ. ಯಾಕ ಹುಡುಕ್ತೀರಿ ಅಂದ. ಹೇಳಲಿಲ್ಲ. ನದಾಫ ದಬ್ಬಣ ಬಿಟ್ಟಾನ ಅಂತ ಒಬ್ಬನ ಕಿವಿಗೆ ಬಿದ್ರ ಸಾಕು, ನಾಳೆ ಯಾರೂ ನನ್ನ ಕೈಯಾಗ ದಿಂಬು ಸೈತ ಕೊಡಂಗಿಲ್ಲ.

5 ನವೆಂಬರ್, ಬುಧವಾರ

ರೋಜಾ ಐತಿ, ಗಂಟಲು ಒಣಗೇತಿ, ಮೊಣಕಾಲು ನೋಯಾಕತ್ತಾವು. ಆದ್ರೂ ಬರೀಬೇಕು.

ಇಪ್ಪತ್ತೆಂಟು ವರ್ಷ ಪಣಜಿಗೆ ಬಂದೇನಿ ಹೋಗೇನಿ. ಮಾರ್ಕೆಟು, ಬಸ್ ಸ್ಟ್ಯಾಂಡು, ಫ್ಲ್ಯಾಟುಗಳು. ಈ ಊರು ಬೆನ್ನಿನಾಗ ಇಷ್ಟೆಲ್ಲಾ ಇಟ್ಕೊಂಡೈತಿ ಅಂತ ಗೊತ್ತಿರಲಿಲ್ಲ. ಮುಂದಿನ ರಸ್ತಾದಾಗ ಫಾರಿನ್ ಮಂದಿ ಫೋಟೋ ಹೊಡ್ಕೊಂತಾರ. ಎರಡು ಮನಿ ನಡುವ ಒಂದು ಸಂದಿ, ಅವ್ರಿಗೆ ಕಾಣಂಗಿಲ್ಲ. ನಾ ಅಡ್ಡ ಆಗಿ ಹೊಕ್ಕೆ. ಹೊಟ್ಟಿಗೂ ಗ್ವಾಡಿ, ಬೆನ್ನಿಗೂ ಗ್ವಾಡಿ. ಹೊರಗ ಬಂದ್ರ ಒಂದು ಚೌಕ, ನಡುವ ಬಾವಿ, ಬಾವಿಗೆ ಪಾಚಿ, ಒಂದು ಬೆಕ್ಕು. ಅಲ್ಲಿಂದ ಪಾವಟಿಗಿ ಮ್ಯಾಕ — ಎಂಬತ್ತಾರು ಎಣಿಸಿದೆ — ಆಲ್ತಿನ್ಯೊ ಗುಡ್ಡಕ್ಕ ಹೋಗಾವು. ನಡುವ ಎಡಕ್ಕ ಮತ್ತೊಂದು ಸಂದಿ. ಅದು ಹೋಗಿ ಮಾಳಾ ಓಣಿಯ ಹಳೇ ನೀರಿನ ಬುಗ್ಗಿ ಹತ್ರ ಬಿಡ್ತೈತಿ.

ಒಂದು ಮನಿ ಮಾಡಿನ ಮ್ಯಾಲೆ ಮಣ್ಣಿನ ಹುಂಜ. ಒಂದು ಮನಿ ಗ್ವಾಡ್ಯಾಗ ನೀಲಿ ಹೂವಿನ ಹಂಚು. ಒಂದು ಮನ್ಯಾಗಿಂದ ಯಾರೋ ಪಿಟೀಲು ಬಾರಿಸಾಕತ್ತಿದ್ರು, ಸುರ ತಪ್ಪಿ ತಪ್ಪಿ. ನಿಂತು ಕೇಳಿದೆ. ತಪ್ಪಿದಾಗೊಮ್ಮೆ ನನಗೂ ಸಿಟ್ಟು ಬರ್ತಿತ್ತು, ಅವ್ರಿಗೂ ಬರ್ತಿತ್ತು.

ಮನಿ ಸಿಗಲಿಲ್ಲ. ಖುಷಿ ಮಾತ್ರ ಯಾಕಾಗೇತೋ.

8 ನವೆಂಬರ್, ಶನಿವಾರ. ಮಧ್ಯಾಹ್ನ

ಉಪಾಯ ಸಿಕ್ತು. ಬಣ್ಣದ ಕೆಳಗ ಬಣ್ಣ ಇರ್ತೈತಿ. ಮೂಲ್ಯಾಗ ಉಗುರಿಲೆ ಕೆರದ್ರ ಹೋದ ವರ್ಷದ್ದು ಕಾಣ್ತೈತಿ. ಹಳದಿ ಕೆಳಗ ಹಸರು. ಹಸರಿನ ಕೆಳಗ ಕೆಂಪು, ಅದರ ಕೆಳಗ ಸುಣ್ಣ. ಮುಂದಿನ ರಸ್ತಾದಾಗ ಒಂಬತ್ತು ಮನಿ ಕೆರದೆ. ಗ್ವಾಡಿ ಅಂದ್ರ ವಹಿ ಇದ್ದಂಗ, ವರ್ಷಕ್ಕೊಂದು ಹಾಳಿ.

ಸಂಜಿ

ಸಿಕ್ಕಿಬಿದ್ದೆ. ಒಬ್ಬ ಪಾಟ್ಲೋನಿನಾವ ಬಾಗಲಾ ತಗದು, "ಏ, ಗ್ವಾಡಿ ಯಾಕ ಕೆರೀತೀಯೋ? ಮೊನ್ನೆ ಬಣ್ಣ ಹಚ್ಚೇನಿ."

"ನೋಡಾಕತ್ತೇನಿ."

"ಏನ್ ನೋಡ್ತೀ?"

"ಮೊದಲು ಯಾವ ಬಣ್ಣ ಇತ್ತು?"

"ನಿನಗ ಯಾಕ ಬೇಕು?"

"ಹೇಳಾಕ ಏನಾಗ್ತೈತಿ ನಿಮಗ?"

ನಾಯಿ ಬಿಟ್ಟ. ಸಣ್ಣ ನಾಯಿ, ಆದ್ರೂ ನಾಯಿ.

9 ನವೆಂಬರ್, ಭಾನುವಾರ

ಹಜರತಬಿ ಜೋಡಿ ಜಗಳ. ಆಕಿ ಮಾತು — "ಕಮಾನು ತಗೊಂಡು ಹೋಗ್ರಿ. ಗಲ್ಲಿ ಗಲ್ಲ್ಯಾಗ ಬಾರಿಸ್ರಿ. ಆಕಿ ತಾನ ಹೊರಗ ಬರ್ತಾಳ."

"ಬಂದ ಮ್ಯಾಲೆ ಏನ್ ಹೇಳ್ಲಿ? ನಾಕು ಮಂದಿ ಎದುರಿಗೆ?"

"ದಬ್ಬಣ ಬಿಟ್ಟೇನಿ ಅಂತ ಹೇಳ್ರಿ."

"ನಿನಗ ತಿಳಿಯಂಗಿಲ್ಲ."

"ತಿಳೀತೈತಿ. ನಿಮಗ ಕೂಸಿಗಿಂತ ನಿಮ್ಮ ಹೆಸರು ದೊಡ್ಡದಾಗೇತಿ."

ಉಣ್ಣಲಿಲ್ಲ. ಆಕಿನೂ ಬಡಿಸಲಿಲ್ಲ.

15 ನವೆಂಬರ್, ಶನಿವಾರ

ಸಿಕ್ತು ಅಂದ್ಕೊಂಡೆ. ಹಸರು ಮನಿ, ಕೆರದ್ರ ಕೆಳಗ ನೀಲಿ, ಅದೇ ನೀಲಿ. ಒಳಗ ಬಾವಿ ಕಂಡಿತು. ಬಾಗಲಾ ಬಡದೆ. ಒಬ್ಬ ವಕೀಲ ಬಂದ, ಕರೇ ಕೋಟು. ಮನ್ಯಾಗ ವಯಸ್ಸಾದ ಬಾಯಿಯವ್ರು ಅದಾರೇನ್ರಿ, ಮಗಳು ದುಬೈದಾಗ, ಅಂದೆ. "ಈ ಓಣ್ಯಾಗ ಅರ್ಧ ಮನಿಯೊಳಗ ವಯಸ್ಸಾದ ಬಾಯಿ, ಅರ್ಧ ಮಕ್ಕಳು ಹೊರಗ. ನನ್ನ ಮನ್ಯಾಗ ಎರಡೂ ಇಲ್ಲ," ಅಂದ. ಒಳಗ ಕರದು ನೀರು ಕೊಟ್ಟ. ರೋಜಾ ಅಂದೆ. ತಪ್ಪಾತು ಅಂದ. ಚಲೋ ಮನಷ್ಯಾ. ಮನಿ ಮಾತ್ರ ಅದಲ್ಲ.

ಅವನ ಹಿತ್ತಲ ಬಾಗಿಲಿಂದ ಹೊರಬಿದ್ದೆ, ಮತ್ತೊಂದು ಹೊಸಾ ಗಲ್ಲಿ. ಇದರಾಗ ಮಂದಿ ಒಣಗಹಾಕಿದ ಅರಿಬಿ ಗಲ್ಲಿಗೆ ಚಪ್ಪರ ಆಗೇತಿ. ಅರ್ಧ ತಾಸು ತಿರುಗಿದೆ. ಬಿಡಾಕ ಮನಸ್ಸಾಗಲಿಲ್ಲ.

26 ನವೆಂಬರ್, ಬುಧವಾರ. ಈದ್

ಸುರಕುಂಬಾ ಪಾಯಸ ಚಲೋ ಆಗಿತ್ತು. ಅರ್ಧಾ ಬಟ್ಟಲು ಬಿಟ್ಟೆ. ಹತ್ತು ದಿನ ಕೆಲಸಾನೂ ಮಾಡೇನಿ, ಗಲ್ಲೀನೂ ತಿರುಗೇನಿ. ಏಳು ದಿನ ಉಳದಾವ. ನಮಾಜಿನ್ಯಾಗ ಕಣ್ಣು ಮುಚ್ಚಿದ್ರ ಕೆಂಪು ದಾರ ಕಾಣ್ತೈತಿ.

ಪಕ್ಕದ ಮನಿ ಮಾಶಾಬಿ ಮೊಮ್ಮಗಳ್ನ ತಂದು ನನ್ನ ಹಾಸಿಗಿ ಮ್ಯಾಲ ಮಲಗಿಸಿದ್ಳು. ಎದ್ದು ಹೊರಗ ಹೋದೆ.

29 ನವೆಂಬರ್, ಶನಿವಾರ

ಪಾಂಡಪ್ಪನಿಗೆ ಹೇಳಿಬಿಟ್ಟೆ. ಅಟ್ಟದ ಕೆಳಗ ಕುಂತು, ಚಾ ಕುಡಕೊಂತ. ದಬ್ಬಣ, ಕೂಸು, ಎಲ್ಲಾ. ನಗ್ತಾನ ಅಂದ್ಕೊಂಡಿದ್ದೆ. ನಗಲಿಲ್ಲ. ಚಾದ ಕಪ್ಪು ಕೆಳಗ ಇಟ್ಟ.

"ಗೂಡುಸಾಬಣ್ಣ, ನೀವು ಒಳಗ ಹೋದದ್ದು ಯಾವ ಬಾಗಿಲಿಂದ?"

"ಹಿಂದಿನ ಬಾಗಿಲಿಂದ."

"ಕೆರದದ್ದು?"

"ಮುಂದ."

ಹಣಿ ಬಡಕೊಂಡ. ಬಣ್ಣದವ್ರ ಲೆಕ್ಕ ಹಿಂಗಂತ — ಮುಂದಿನ ಗ್ವಾಡಿಗೆ ಮಾಲಕರು ಕೇಳಿದ ಬಣ್ಣ. ಹಿಂದಿನ ಗ್ವಾಡಿಗೆ ಡಬ್ಬ್ಯಾಗ ಉಳದದ್ದು, ಬಾಜೂ ಮನೀದು ಉಳದಿದ್ರ ಅದೂ. ಹಿಂದ ನೀಲಿ ಇದ್ದ ಮನಿ ಮುಂದ ಏನರ ಇರಬಹುದು. ಮೂರು ವಾರ ನಾ ಊರಿನ ಮಾರಿ ಕೆರದೇನಿ, ಹುಡುಕಬೇಕಾದದ್ದು ಬೆನ್ನು.

"ಇನ್ನ ಹಿಂದ ಕೆರಕೊಂತ ಹೋದ್ರ ಕ್ರಿಸ್‌ಮಸ್ಸಿಗೆ ಸಿಗ್ತೈತಿ," ಅಂದ. "ನಿಮ್ಮ ಕಡೆ ಆ ಟೊಂಯ್ ಟೊಂಯ್ ಅನ್ನೂದು ಇಲ್ಲೇನು?"

ಹಜರತಬಿ ಮಾತನ ಇವನೂ ಆಡಿದ. ಮನಿಗೆ ಬಂದು ಕಮಾನಿಗೆ ಹೊಸಾ ತಂತಿ ಕಟ್ಟಿದೆ. ಆಕಿ ನೋಡಿದ್ಳು. ರೊಟ್ಟಿ ಬಿಸಿದು ಹಾಕಿದ್ಳು.

1 ಡಿಸೆಂಬರ್, ಸೋಮವಾರ. ಸಂಜಿ

ದಬ್ಬಣದ ಸುದ್ದಿ ಕಡೀಕ ಬರೀತೇನಿ. ಮೊದಲಿಂದ ಬರೀಬೇಕು.

ಮುಂಜಾನೆ ಎಂಟಕ್ಕ ಬಾವಿ ಚೌಕದಾಗ ನಿಂತೆ. ಕೊಡತಿಲೆ ತಂತಿಗೆ ಒಂದು ಏಟು ಹಾಕಿದೆ. ಟೊಂಯ್. ಆ ಗಲ್ಲಿಯೊಳಗ ಆ ಸಪ್ಪಳ... ಗ್ವಾಡಿಂದ ಗ್ವಾಡಿಗೆ ಬಡದು, ಪಾವಟಿಗಿ ಹತ್ತಿ, ಗುಡ್ಡದ ಮ್ಯಾಲಿಂದ ತಿರುಗಿ ಬಂತು. ಬಯಲಾಗ ಹತ್ತಿ ಹಿಂಜಿದಾವಗ ಇದು ಗೊತ್ತಾಗಂಗಿಲ್ಲ. ಮತ್ತೊಂದು ಏಟು. ಪಿಟೀಲಿನವ್ರು ನಿಲ್ಲಿಸಿಬಿಟ್ರು. ಬಾರಿಸಿಕೊಂತ ನಡದೆ. ಖಿಡಕಿ ಮ್ಯಾಲೆ ಖಿಡಕಿ ತೆಗದುವು. "ಗಾದಿವಾಲಾ, ಇಲ್ಲಿ ಬಾ," "ಏ ಬಾಬಾ, ಎರಡು ದಿಂಬು ಅದಾವ," ಅಂತ ಮ್ಯಾಲಿಂದ ಕೂಗಾಕತ್ರು. ನಾಯಿ ಬಿಟ್ಟ ಪಾಟ್ಲೋನಿನಾವನೂ ಕೂಗಿದ. ಅವನಿಗೆ ನನ್ನ ಗುರುತು ಹತ್ತಲಿಲ್ಲ.

ನಿಂತು ಜೋರಾಗಿ ಹೇಳಿದೆ, ಹಿಂದಿಯೊಳಗ. ಕೆಲಸಕ್ಕ ಬಂದಿಲ್ಲ. ಅಕ್ಟೋಬರ್ ನಾಕಕ್ಕ ಇಲ್ಲಿ ಒಂದು ಗಾದಿ ಹೊಲದೆ, ಅದರಾಗ ನನ್ನ ದಬ್ಬಣ ಬಿಟ್ಟೇನಿ. ತಪ್ಪು ನಂದು. ಅದರ ಮ್ಯಾಲ ಯಾರೂ ಮಲಗಬ್ಯಾಡ್ರಿ.

ಖಿಡಕ್ಯಾಗಿನ ಮಂದಿ ತಿರುಗಿ ತಮ್ಮ ತಮ್ಮ ಗಾದಿ ನೋಡಿದ್ರು.

ಕೆಂಪು ಮನಿ. ದಿನಾ ಎರಡು ಸಲ ಅದರ ಮುಂದ ಹಾದು ಹೋಗೇನಿ. ಮ್ಯಾಲಿನ ಚಿಪ್ಪಿನ ಖಿಡಕಿ ತೆಗೀತು. ಅದೇ ಮುದುಕಿ.

"ತಿಂಗಳಿಂದ ನನ್ನ ಗ್ವಾಡಿ ಕೆರಿಯಾಂವ ನೀನೇನು? ಮುನ್ಸಿಪಾಲ್ಟಿಯಾಂವ ಅಂದ್ಕೊಂಡಿದ್ದೆ."

"ನೋಡಿ ಒಂದ್ಸಲ ಕರೀಬಾರದಿತ್ತೇನ್ರಿ ಬಾಯಿ?"

"ಅವತ್ತು ನಿನ್ನ ಮಾರಿಗೆ ಅರಿಬಿ ಸುತ್ತಿತ್ತು. ಕಮಾನು ಬಿಟ್ರ ಬ್ಯಾರೆ ಏನ್ ನೋಡೇನಿ ನಿಂದು?"

ಬಾ ಮ್ಯಾಲ, ಬ್ಯಾಗ ಬಾ ಅಂದ್ಳು. ಮಗಳು ವಿಮಾನದ ತಾರೀಖು ಬದಲಿ ಮಾಡಿಸಿ ನಿನ್ನೆನ ಬಂದಾಳಂತ.

ಪಾವಟಿಗಿ ಹೆಂಗ ಹತ್ತಿದೆ ಗೊತ್ತಿಲ್ಲ. ಅದೇ ಖೋಲಿ, ಅದೇ ಬೆಳಕು. ಗಾದಿ ನಡುವ ಕೂಸು, ಅಂಗಾತ, ಕೈ ಎರಡೂ ಮ್ಯಾಲ. ನಿದ್ದಿ. ಬಾಜೂಕ ಮಗಳು ಕುಂತಿದ್ಳು. ಅವ್ವ ಹೇಳಿದ್ದು ಕೇಳಿ, "ಮಮ್ಮಾ, ಈಗ ಮಲಗೇತಿ. ರಾತ್ರಿ ಪೂರ್ತಿ ಇದರ ಮ್ಯಾಲನ ಇತ್ತು, ಏನಾತು? ಆಮ್ಯಾಲೆ ನೋಡೂಣು," ಅಂದ್ಳು.

"ಆಮ್ಯಾಲೆ ಅನ್ನೂದು ಇಲ್ಲ. ಎತ್ರಿ," ಅಂದೆ. ದನಿ ಏರಿತು. ಏರಬಾರದಿತ್ತು. ಕೂಸು ಎದ್ದು ಅಳಾಕ ಹತ್ತಿತು. ಮುದುಕಿ ಮುಂದ ಬಂದು ನೆಟ್ಟಗ ಮ್ಯಾಲಕ್ಕ ಎತ್ತಿದ್ಳು, ಎಳೀಲಿಲ್ಲ. ಶಾಣ್ಯಾಕಿ.

ಹೊಲಿಗಿ ಕತ್ತರಿಸಿದೆ. ಹತ್ತಿ ಮುಷ್ಟಿ ಮುಷ್ಟಿ ತಗದು ಬೆರಳಾಗ ಬಿಡಿಸಿ ಬಾಜೂಕ ಇಟ್ಟೆ. ತಲಿ ಕಡೀದು ಇಲ್ಲ. ಕಾಲ ಕಡೀದು ಇಲ್ಲ. ಗುಡ್ಡಿ ಬೆಳೀತು. ಮಗಳು, "ಇಲ್ಲವೇ ಇಲ್ಲ. ಸುಮ್ಮನ ಕೂಸಿನ ನಿದ್ದಿ ಕೆಡಿಸಿದ," ಅಂದ್ಳು. ಬೆವರು ಕಣ್ಣಾಗ ಇಳೀತು. ನಡುವಿಂದು ಉಳದಿತ್ತು. ಕೈ ಹಾಕಿದೆ. ಬೆರಳಿಗೆ ಚುಚ್ಚಿತು.

ಚುಚ್ಚಿದಾಗ ಇಷ್ಟು ಖುಷಿ ಎಂದೂ ಆಗಿಲ್ಲ.

ಮೊನಿ ಮ್ಯಾಲಕ್ಕ ಇತ್ತು. ಕೂಸಿನ ಬೆನ್ನಿದ್ದ ಜಾಗಾದಿಂದ ಬರೇ ನಾಕು ಬೆರಳು ಕೆಳಗ. ಕೆಂಪು ದಾರ ಹಂಗ ಐತಿ. ಅಂಗೈ ಮ್ಯಾಲ ಇಟ್ಟು ತೋರಿಸಿದೆ. ಒಂಬತ್ತು ಇಂಚು. ಮಗಳು ಕೂಸನ್ನ ಅವ್ವನ ಕೈಯಿಂದ ಕಸಗೊಂಡು ಎದಿಗೆ ಅವಚಿಕೊಂಡ್ಳು. "ಈ ಮನಷ್ಯಾನ್ನ ಇನ್ನೊಮ್ಮೆ ಮನ್ಯಾಗ ಬಿಡಬ್ಯಾಡ," ಅಂದ್ಳು. ಬ್ಯಾರೆ ಯಾರರ ದಬ್ಬಣ ಬಿಟ್ಟಿದ್ರ ನಾನೂ ಅದನ್ನ ಅಂತಿದ್ದೆ.

ಮುದುಕಿ ಕುರ್ಚಿ ಎಳಕೊಂಡು ಕುಂತ್ಳು. "ಇಂವ ಹೇಳದಿದ್ರ ನಮಗ ಗೊತ್ತಾಗ್ತಿತ್ತೇನು? ಗಾದಿ ಹಿಂಗ ಬಿದ್ದೈತಿ, ಯಾರು ಹೊಲೀತಾರ, ನೀನೇನು?" ಅಂದ್ಳು ಮಗಳಿಗೆ. ನನಗ, "ಕುಂದ್ರು. ಹೊಲಿ," ಅಂದ್ಳು.

ಒಂದು ತಾಟು ತಂದು ನನ್ನ ದಬ್ಬಣ ಐದೂ ಅದರಾಗ ಇಡಿಸಿದ್ಳು. ಮಧ್ಯಾಹ್ನತನಕ ಹಿಂಜಿದೆ, ಹೊಲದೆ. ಪಾವು ಕೊಟ್ಳು, ತಿನ್ನಲಿಲ್ಲ, ಕೆಲಸ ಮುಗದ ಮ್ಯಾಲೆ ತಿಂತೇನಿ ಅಂದೆ. ಮುಗೀತು. ತಾಟು ಮುಂದಿಟ್ಟೆ. ಏಕ್, ದೋನ್, ತೀನ್, ಚಾರ್, ಪಾಂಚ್. ಮುದುಕಿ ಎಣಿಸಿದ್ಳು. ನಾ ಎಣಿಸಿದೆ. ಬಾಗಿಲಾಗ ನಿಂತಿದ್ದ ಮಗಳು ಬಂದ್ಳು, ಕೂಸು ಹೆಗಲ ಮ್ಯಾಲ. ಒಂದೊಂದಾಗಿ ಮುಟ್ಟಿ ತಾನೂ ಎಣಿಸಿದ್ಳು. ಎಣಿಸಿ, ಕೂಸನ್ನ ಗಾದಿ ಮ್ಯಾಲ ಹಾಕಿದ್ಳು.

ಹಿಂಬಾಗಿಲ ಕಡೆ ಹೊಂಟೆ. "ಅತ್ತಲಾಗ ಎಲ್ಲಿ?" ಅಂದ್ಳು ಮುದುಕಿ. ಮುಂಬಾಗಿಲು ತಾನ ತಗದ್ಳು. ಹೆಸರು ಒಲಿಂಡಾ. ಈ ಸಲ ಕೇಳಿದೆ.

ಮನಿಗೆ ಬಂದು ಹಜರತಬಿ ಮುಂದ ಸುರುಳಿ ಬಿಚ್ಚಿದೆ. ಓದಾಕ ಬರಂಗಿಲ್ಲ, ಎಣಿಸಾಕ ಬರ್ತೈತಿ. ಎಣಿಸಿದ್ಳು.

ದಬ್ಬಣ ಐದು.

2 ಡಿಸೆಂಬರ್, ಮಂಗಳವಾರ

ದಬ್ಬಣ ಐದು. ಸರಿ ಅದಾವ.

ನನ್ನ ಹೆಸರು ಕೆಟ್ಟಿತು ಅಂತ ಮುಂಜಾನೆ ಅಂಜಿಕೊಂತ ಹೋದೆ. ಪಾಂಡಪ್ಪ ಅಟ್ಟದ ಮ್ಯಾಲಿಂದ, "ಬಂದ್ರು ನೋಡ್ರೆಪಾ ದಬ್ಬಣದ ಸಾಹೇಬ್ರು," ಅಂತ ಕೂಗಿದ. ಇಡೀ ಗಲ್ಲಿಗೆ ಗೊತ್ತಾಗೇತಿ. ಎಲ್ಲಾರೂ ಮೊದಲು ತಾಟು ತರ್ತಾರ, ಆಮ್ಯಾಲೆ ಗಾದಿ. ಸಿಟ್ಟು ಬಂತು. ಆದ್ರೂ ಎಣಿಸಿಕೊಟ್ಟೆ. ಎಣಿಸ್ಲಿ. ಚಲೋ ಪದ್ಧತಿ.

ನಾಳೆ ಫೆಸ್ತ್, ಕೆಲಸಿಲ್ಲ. ನಾಡದು ಮೂರು ಮನಿ. ಗುರುತು ಬರದಿಡ್ತೇನಿ. ಬಣ್ಣ ಬರಿಯಂಗಿಲ್ಲ.

ಒಂದು — ಮಣ್ಣಿನ ಹುಂಜದ ಕೆಳಗಿನ ಮನಿ, ಹುಂಜಕ್ಕ ಬಾಲ ಮುರದೈತಿ.

ಎರಡು — ಪಿಟೀಲಿನವ್ರು. ಸುರ ತಪ್ಪಿದಲ್ಲಿ ನಿಲ್ಲೂದು.

ಮೂರು — ಆಲ್ತಿನ್ಯೊ ಪಾವಟಿಗಿ, ಐವತ್ತೆರಡನೇದಕ್ಕ ಬಲಕ್ಕ ಒಂದು ಸಂದಿ ಐತಿ ಅಂದ್ರು. ಒಂದು ತಿಂಗಳು ದಿನಾ ಹತ್ತೇನಿ, ಬಲಕ್ಕ ಸಂದಿ ಇದ್ದದ್ದು ನಾ ನೋಡೇ ಇಲ್ಲ. ಅದು ಎಲ್ಲಿಗೆ ಹೋಗಿ ಬಿಡ್ತೈತೋ, ನಾಡದು ನೋಡಬೇಕು.